ಆರ್ಚ್‌ಬಿಷಪ್ಪರ ಪಾರ್ಟು

ಹೋದ ತಿಂಗಳು ಮದ್ದೂರಿನ ನಮ್ಮ ಮನೆಗೆ ಒಬ್ಬ ಹೆಣ್ಣುಮಗಳು ಕೀಬೋರ್ಡನ್ನು ಹೆಗಲಿಗೆ ತೂಗುಹಾಕಿಕೊಂಡು ಬಂದಳು. ಹೆಸರು ಭಾಗ್ಯ. ಹಳ್ಳಿಗಳಿಗೆ ಹೋಗಿ ಪೌರಾಣಿಕ ನಾಟಕ ಕಲಿಸುವ ಕೆಲಸಕ್ಕೆ ಇಳಿಯಬೇಕು, ಏನೇನು ತಿಳಿದಿರಬೇಕು ಹೇಳಿಕೊಡಿ ಎಂದಳು. ಹೆಂಗಸರು ಈ ಕೆಲಸಕ್ಕೆ ಬರುತ್ತಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಆ ಬೆರಗಿನಲ್ಲೇ ರಾಗ, ತಾಳ, ಮಟ್ಟು ಎಂದು ಏನೇನೋ ಹೇಳಿ, ಕಾಫಿ ಕೊಟ್ಟು ಕಳಿಸಿದೆ. ಆಮೇಲೆ ಯೋಚಿಸಿದರೆ, ಅದೆಲ್ಲ ಅವಳಿಗೆ ಫೋನಿನಲ್ಲೇ ಸಿಗುತ್ತದೆ. ಹೇಳಬೇಕಾಗಿದ್ದದ್ದು ಬೇರೆಯೇ ಇತ್ತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಡೆ ನಾಟಕವೆಂದರೆ ಊರಿನವರೇ ಬಣ್ಣ ಹಚ್ಚಬೇಕು. ಕಬ್ಬು ಕಡಿಯುವವನು, ಹಾಲಿನ ಡೈರಿಯ ಕಾರ್ಯದರ್ಶಿ, ಬಸ್ಸಿನ ಕಂಡಕ್ಟರು, ಎಲ್ಲರೂ ರಾಜರೇ. ಯಾರದಾದರೂ ಖಾಲಿ ಮನೆಯನ್ನು ಪ್ರಾಕ್ಟೀಸಿಗೆಂದು ಬಿಡಿಸಿ, ಮೇಷ್ಟ್ರು ಹಾರ್ಮೋನಿಯಂ ಇಟ್ಟುಕೊಂಡು ತಿಂಗಳುಗಟ್ಟಲೆ ಕೂರಬೇಕು. ನಾನು ಶುರುಮಾಡಿದಾಗ ಅರ್ಧಕ್ಕರ್ಧ ಪಾತ್ರಧಾರಿಗಳಿಗೆ ಓದು ಬರುತ್ತಿರಲಿಲ್ಲ. ಒಂದೊಂದು ಸಾಲನ್ನೂ ನಾನು ಹೇಳಿ, ಅವರಿಂದ ಹೇಳಿಸಿ, ಬಾಯಿಪಾಠ ಮಾಡಿಸುತ್ತಿದ್ದೆ. ಈಗ ಎಲ್ಲರೂ ನನ್ನ ದನಿಯನ್ನು ಫೋನಿಗೆ ತುಂಬಿಕೊಂಡು ಟ್ರ್ಯಾಕ್ಟರ್ ಓಡಿಸುತ್ತಲೇ ಕಲಿತುಬಿಡುತ್ತಾರೆ. ಬೇಗ ಕಲಿಯುತ್ತಾರೆ, ಸುಳ್ಳಲ್ಲ. ಆದರೆ ಎದುರಿಗಿದ್ದವನ ಮುಖ ನೋಡಿ ಮಾತಾಡುವುದು ಫೋನಿನಿಂದ ಬರುವುದಿಲ್ಲ.

ನನ್ನ ಗುರುಗಳು ಮಂಡ್ಯದ ಪುಟ್ಟಮಾದಪ್ಪ ಮೇಷ್ಟ್ರು. ಅವರ ಜೊತೆ ನಾನು ಮೊದಲು ಹೋದದ್ದು ಯಲಿಯೂರಿನ ಹತ್ತಿರದ ಒಂದು ಊರಿಗೆ. ಅಲ್ಲಿ ರಾಜಾಪಾರ್ಟಿನವನು ಪದ ಎತ್ತಿದ ಹೊತ್ತಿಗೆ ಅವನ ಮೀಸೆ ಕಳಚಿ ಸ್ಟೇಜಿನ ಮೇಲೆ ಬಿತ್ತು. ನನಗೆ ನಗು ತಡೆಯಲಾಗದೆ ಹಾರ್ಮೋನಿಯಂ ಮೇಲಿದ್ದ ಬೆರಳು ನಿಂತಿತು. ಗುರುಗಳು ಪಕ್ಕದಿಂದ ನನ್ನ ತಲೆಗೆ ಮೊಟಕಿದರು. "ಆಡೋನು ತಪ್ಪುದ್ರೂ ಸುತಿ ಬುಡಬ್ಯಾಡ ಕಣ್ಲಾ. ಸುತಿ ನಿಂತೋದ್ರೆ ಅವ್ನು ಜನದ್ ಮುಂದೆ ಬೆತ್ಲೆ ಆಗೋಯ್ತಾನೆ" ಎಂದರು. ಅಷ್ಟರಲ್ಲಿ ಆ ರಾಜಾಪಾರ್ಟಿನವನು ಬಗ್ಗಿ ಮೀಸೆಯನ್ನು ಎತ್ತಿಕೊಂಡು, ಬೆರಳಲ್ಲೇ ಹುರಿಮಾಡಿ, ಸೊಂಟದ ಪಟ್ಟಿಗೆ ಕತ್ತಿಯಂತೆ ಸಿಕ್ಕಿಸಿ, ಬಿಟ್ಟ ಜಾಗದಿಂದಲೇ ಪದ ಮುಂದುವರಿಸಿದ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಅವನೇ ಜವರೇಗೌಡ. ಆಮೇಲೆ ನಾನೇ ಅವನಿಗೆ ಮೇಷ್ಟ್ರಾದೆ. ಎತ್ತರದ ಮನುಷ್ಯನಲ್ಲ, ಆದರೆ ಕಿರೀಟ ಇಟ್ಟರೆ ಎತ್ತರವಾಗುತ್ತಿದ್ದ. ಮನೆಯ ಯಜಮಾನಿಕೆ ಅಣ್ಣ ಸಿದ್ದೇಗೌಡರದು. ಜಮೀನು, ಪಂಚಾಯ್ತಿ, ನೆಂಟರಿಷ್ಟರು ಎಲ್ಲ ಅವರ ಕೈಯಲ್ಲಿ. ತಮ್ಮನಿಗೆ ನಾಟಕ. ಅಣ್ಣ ಪ್ರತಿ ನಾಟಕಕ್ಕೂ ಬಂದು ಮುಂದಿನ ಸಾಲಿನಲ್ಲಿ ಕೂತು, ತಮ್ಮ ಪದ ಮುಗಿಸಿದೊಡನೆ ಎದ್ದು ಹೋಗಿ ಹಾರ ಹಾಕುತ್ತಿದ್ದರು. ಮನೆಯಲ್ಲಿ ಅವರಿಬ್ಬರೂ ಹೆಚ್ಚು ಮಾತಾಡಿದ್ದನ್ನು ನಾನು ಕಂಡಿಲ್ಲ.

ಇನ್ನು ಆರ್ಚ್‌ಬಿಷಪ್ಪರ ವಿಷಯ.

ಮಳವಳ್ಳಿ ತಾಲ್ಲೂಕಿನಲ್ಲಿ, ಕಿರುಗಾವಲು ಕಡೆ ಒಂದು ಸಣ್ಣ ಊರಿನಲ್ಲಿ ಹಳೆಯ ಚರ್ಚೊಂದಿದೆ. ಅಲ್ಲಿಗೆ ಹೊಸದಾಗಿ ಬಂದ ಪಾದ್ರಿ ಫಾದರ್ ಇನ್ನಾಸ್ ಎನ್ನುವವರು ನನ್ನನ್ನು ಕರೆಸಿದರು. ಚರ್ಚಿನ ಹಬ್ಬಕ್ಕೆ ನಮ್ಮ ಕಡೆಯ ಧಾಟಿಯಲ್ಲೇ ಹಾರ್ಮೋನಿಯಂ, ತಬಲ, ಸೀನರಿ ಎಲ್ಲ ಇಟ್ಟು ಒಂದು ನಾಟಕ ಕಟ್ಟಬೇಕು ಎಂದರು. ಯಾವ ಸಂತರದ್ದು, ಏನೇನು ಪವಾಡ ಎಂದು ಕೇಳಿದೆ. ಪವಾಡ ಒಂದೂ ಇಲ್ಲ, ಈತ ಸಂತನೂ ಅಲ್ಲ ಎಂದರು. ನನಗೆ ಅಲ್ಲೇ ಮೊದಲ ಆಘಾತ. ಪವಾಡವಿಲ್ಲದ ನಾಟಕವನ್ನು ನಮ್ಮ ಜನ ಯಾಕೆ ನೋಡುತ್ತಾರೆ?

ಫಾದರ್ ಕಥೆ ಹೇಳಿದರು. ಸುಮಾರು ಇನ್ನೂರೈವತ್ತು ವರ್ಷಗಳ ಹಿಂದಿನ ಯೂರೋಪು. ದೇವರು, ದೊರೆ, ಹುಟ್ಟು ಎಲ್ಲವನ್ನೂ ಬುದ್ಧಿಯಿಂದ ತೂಗಿ ನೋಡಬೇಕೆಂದು ಪಂಡಿತರು ಹೊಸ ಹೊಸ ಪುಸ್ತಕ ಬರೆಯುತ್ತಿದ್ದ ಕಾಲ. ಆಗ ಒಂದು ದೊಡ್ಡ ಜಹಗೀರುದಾರರ ಮನೆಯಲ್ಲಿ ಎರಡನೆಯ ಗಂಡುಮಗು ಹುಟ್ಟಿತು. ಅವರ ವಂಶದಲ್ಲಿ ಜಮೀನು, ಪದವಿ ಎಲ್ಲ ಹಿರಿಯವನಿಗೆ. ಎರಡನೆಯವನು ಚರ್ಚಿಗೆ. ಏಳನೆಯ ವಯಸ್ಸಿಗೇ ಅವನ ನೆತ್ತಿಯ ಕೂದಲು ತೆಗೆಸಿ, ಕರಿ ನಿಲುವಂಗಿ ತೊಡಿಸಿದರು. ನಿನಗೆ ಇಷ್ಟವೇ ಎಂದು ಯಾರೂ ಕೇಳಲಿಲ್ಲ. ಮನೆತನದ ಬಲದಿಂದ ಮೀಸೆ ಬಲಿಯುವ ಹೊತ್ತಿಗೆ ಅವನು ಆರ್ಚ್‌ಬಿಷಪ್, ಅಂದರೆ ಇಡೀ ಪ್ರಾಂತ್ಯದ ಪಾದ್ರಿಗಳಿಗೆಲ್ಲ ಒಡೆಯ. ಅರಮನೆ, ಕುದುರೆ ಲಾಯ, ಬೇಟೆ ನಾಯಿ, ಕೈಗೊಬ್ಬ ಕಾಲಿಗೊಬ್ಬ ಆಳು. ಅವನ ಹೆಸರನ್ನು ಫಾದರ್ ಎರಡು ಮೂರು ಸಲ ಹೇಳಿಕೊಟ್ಟರೂ ನನ್ನ ನಾಲಿಗೆ ಹೊರಳಲಿಲ್ಲ. ನಾಟಕದಲ್ಲಿ ಬರೀ ಆರ್ಚ್‌ಬಿಷಪ್ ಎಂದೇ ಇಟ್ಟೆವು. ಫಾದರ್ ಹೇಳಿದ್ದನ್ನು ಮಾತಾಗಿ ಬರೆದವನೂ, ಪದ ಕಟ್ಟಿದವನೂ ನಾನೇ.

ಆ ಊರಿನಲ್ಲಿ ಹಾಡುವವರಿದ್ದರು. ಆದರೆ ರಾಜಾಪಾರ್ಟಿನ ಗತ್ತಿನಲ್ಲಿ ನಿಲ್ಲುವವರು ಸಿಗಲಿಲ್ಲ. ನಾನು ಜವರೇಗೌಡನನ್ನು ಕೇಳಿದೆ. ಅವನಿಗೆ ಅದೇ ಕಿರೀಟ, ಅದೇ ಗದೆ ಸಾಕಾಗಿತ್ತು. ಎರಡನೆಯ ಮಗನ ಕಥೆ ಕೇಳಿದವನೇ, "ಎರಡ್ನೇ ಮಗ ಅಂದ್ರೆ ಎಲ್ಲಾ ಕಡೀಕೂ ಇಷ್ಟೇ ಬುಡಿ ಮೇಷ್ಟ್ರೇ. ನಾನೇ ಮಾಡ್ತೀನಿ" ಎಂದ. ಮಂಡ್ಯದ ಡ್ರೆಸ್ಸಿನವರಿಗೆ ಪಾದ್ರಿಗಳ ದೊಡ್ಡ ಗುರುವಿನ ಉಡುಪು ಬೇಕೆಂದರೆ ಅವರು ಕ್ರಿಸ್‌ಮಸ್ ತಾತನ ಕೆಂಪು ಕೋಟು, ಹತ್ತಿಯ ಗಡ್ಡ ಕಳಿಸಿದರು. ಜವರೇಗೌಡ ಗಂಭೀರವಾಗಿ ಅದನ್ನೇ ತೊಟ್ಟು ಬಂದು ನಿಂತಾಗ ಫಾದರ್ ನಕ್ಕು ನಕ್ಕು ಕೆಮ್ಮಿದರು. ಕಡೆಗೆ ಊರಿನ ಹೆಂಗಸರೇ ಕೂತು ಅಂಗಿ ಹೊಲಿದರು.

ಎರಡನೆಯ ಅಂಕದಲ್ಲಿ ಸಿಡುಬಿನ ಪ್ರಸಂಗ. ಆ ಪ್ರಾಂತ್ಯದಲ್ಲಿ ಸಿಡುಬು ಬಂದು ಮಕ್ಕಳು ಸಾಯುತ್ತಿದ್ದಾಗ, ಸಿಡುಬಿನ ಕೀವನ್ನು ತುಸುವೇ ತೆಗೆದು ಆರೋಗ್ಯವಂತರ ತೋಳಿಗೆ ಚುಚ್ಚಿದರೆ ರೋಗ ತಡೆಯಬಹುದೆಂದು ವೈದ್ಯರು ಹೇಳುತ್ತಿದ್ದರು. ಜನ ಹೆದರಿ ಓಡುತ್ತಿದ್ದರು. ಆರ್ಚ್‌ಬಿಷಪ್ ದೊಡ್ಡ ಚರ್ಚಿನ ಮೆಟ್ಟಿಲ ಮೇಲೆ ಕೂತು, ಎಲ್ಲರ ಎದುರಿಗೆ ತನ್ನ ತೋಳಿಗೆ ಚುಚ್ಚಿಸಿಕೊಂಡ. ಇದನ್ನು ಪ್ರಾಕ್ಟೀಸು ಮಾಡುವಾಗ ಬಾಗಿಲಲ್ಲಿ ಕೂತಿದ್ದ ಮರಿಯಮ್ಮ ಎಂಬ ಅಜ್ಜಿ ಎದ್ದು ನಿಂತು, "ಅಮ್ಮನ್ನ ಯಾರಾರೂ ಕೂಗಿ ಕರ್ಕತಾರ ಸ್ವಾಮಿ? ಮೈಯೊಳೀಕೆ?" ಎಂದು ಫಾದರನ್ನು ಕೇಳಿದಳು. ಆಕೆಯ ಕತ್ತಿನಲ್ಲಿ ಜಪಮಾಲೆ ಇತ್ತು. ಸಿಡುಬು ಮಾತ್ರ ಅವಳಿಗೂ ಅಮ್ಮನೇ. ಎರಡು ದಿನ ಪ್ರಾಕ್ಟೀಸಿಗೆ ಯಾವ ಹೆಂಗಸೂ ಬರಲಿಲ್ಲ. ಫಾದರ್ ಮನೆ ಮನೆಗೆ ಹೋಗಿ ಕೂತು ಮಾತಾಡಿ ಬಂದರು.

ಅದಕ್ಕಿಂತ ದೊಡ್ಡದು ಮೂರನೆಯ ಅಂಕ. ಆ ಕಾಲಕ್ಕೆ ದೊಡ್ಡ ಮನೆತನದವರು ಸತ್ತರೆ ಚರ್ಚಿನ ಒಳಗೇ, ಪೀಠದ ಹತ್ತಿರ ಹೂಳುತ್ತಿದ್ದರು. ಬಡವರನ್ನು ಹೊರಗೆ. ಒಳಗೆ ದುರ್ವಾಸನೆ, ರೋಗ. ಆರ್ಚ್‌ಬಿಷಪ್ ಒಂದು ಕಟ್ಟಳೆ ಮಾಡಿದ. ಇನ್ನು ಮೇಲೆ ಜಹಗೀರುದಾರನಾಗಲಿ ಭಿಕ್ಷುಕನಾಗಲಿ, ಎಲ್ಲರಿಗೂ ಊರ ಹೊರಗೆ ಒಂದೇ ಸಾಲು. ಜನ ಅವನ ಸಾರೋಟಿಗೆ ಕಲ್ಲು ಹೊಡೆದರು. ಆ ಚಳಿಗಾಲದಲ್ಲೇ ಅವನ ತಾಯಿ ತೀರಿಕೊಂಡಳು. ಚರ್ಚಿನೊಳಗೆ ಗಂಡನ ಪಕ್ಕದಲ್ಲಿ ಮಲಗಿಸಬೇಕೆಂದು ಆಕೆ ಕೇಳಿಕೊಂಡಿದ್ದಳು. ಅಣ್ಣನೂ ಹಟ ಹಿಡಿದ. ಆರ್ಚ್‌ಬಿಷಪ್ ತಾಯಿಯನ್ನೂ ಹೊರಗಿನ ಸಾಲಿನಲ್ಲೇ ಹೂಳಿಸಿದ. ಅಂದಿನಿಂದ ಅಣ್ಣ ಅವನ ಮುಖ ನೋಡಲಿಲ್ಲ.

ಫಾದರ್ ಇದನ್ನು ಹೇಳಿದಾಗ ಜವರೇಗೌಡ, "ಅವ್ವನ್ನೂವಾ?" ಎಂದ. ಹೌದು ಎಂದರು ಫಾದರ್. ಅವನು ಎದ್ದು ಹೊರಗೆ ಹೋಗಿ ಹೊಂಗೆ ಮರದ ಕೆಳಗೆ ಬೀಡಿ ಹಚ್ಚಿದ. ಅವತ್ತು ಪ್ರಾಕ್ಟೀಸು ಮುಂದುವರಿಯಲಿಲ್ಲ. ನನಗೂ ಆರ್ಚ್‌ಬಿಷಪ್ಪನ ಮೇಲೆ ಕೋಪವೇ ಬಂದಿತ್ತು. ಇಂಥವನ ನಾಟಕವನ್ನು ಯಾಕೆ ಆಡಬೇಕೆಂದು ಕೇಳಿಯೂಬಿಟ್ಟೆ. ಒಳ್ಳೆಯವನೋ ಕೆಟ್ಟವನೋ ನನಗೂ ಗೊತ್ತಾಗಿಲ್ಲ, ಅದಕ್ಕೇ ಆಡಬೇಕು ಎಂದರು ಫಾದರ್.

ನಾಲ್ಕನೆಯ ಅಂಕದಲ್ಲಿ ಕಾಲು ತೊಳೆಯುವುದು ಬರುತ್ತದೆ. ಯೇಸು ತನ್ನ ಶಿಷ್ಯರ ಕಾಲು ತೊಳೆದನೆಂದು, ಗುಡ್ ಫ್ರೈಡೇ ಹಿಂದಿನ ಗುರುವಾರ ಆರ್ಚ್‌ಬಿಷಪ್ಪನೂ ಬಡವರ ಕಾಲು ತೊಳೆಯುವ ಪದ್ಧತಿ. ಆದರೆ ಅರಮನೆಯ ಆಳುಗಳು ಆ ಬಡವರ ಕಾಲನ್ನು ಮೊದಲೇ ಉಜ್ಜಿ ತೊಳೆದು, ಅತ್ತರು ಹಚ್ಚಿ ಕೂರಿಸಿರುತ್ತಿದ್ದರು. ಒಡೆಯನ ಕೈಗೆ ಕೊಳೆ ಹತ್ತಬಾರದಲ್ಲ. ವರ್ಷಗಟ್ಟಲೆ ಹಾಗೇ ನಡೆದಿತ್ತು. ಒಂದು ವರ್ಷ ಅವನಿಗೆ ಅನುಮಾನ ಬಂತು. ಗೋರಿ ತೋಡುವವನೊಬ್ಬನ ಕಾಲು ಹಿಡಿದು, ಇದಕ್ಕೆ ಮಣ್ಣೇಕಿಲ್ಲ ಎಂದು ಕೇಳಿದ. ನಿಜ ತಿಳಿದು, ಆಳುಗಳನ್ನು ಬೈದು ಕಳಿಸಿ, ಕೆಲಸದಿಂದ ನೇರ ಬಂದವರನ್ನೇ ಕರೆಸಿ ಕೆಸರುಗಾಲುಗಳನ್ನು ತೊಳೆದ. ದರ್ಬಾರಿನವರು ಮೂಗು ಮುಚ್ಚಿಕೊಂಡು ಎದ್ದುಹೋದರು.

ಗೋರಿ ತೋಡುವವನ ಪಾರ್ಟಿಗೆ ಚೌರಪ್ಪ. ಅವನ ಅಪ್ಪ, ಅಜ್ಜ ಎಲ್ಲ ಆ ಚರ್ಚಿನ ಗೋರಿ ತೋಡಿದವರು. ಅವನೂ ಅದೇ. ಉಳಿದ ದಿನ ಸುತ್ತಲ ಊರಿನ ಗೌಡರ ಗದ್ದೆಯಲ್ಲಿ ಕೂಲಿ. ಮಾತು ಕಡಿಮೆ. ಸ್ಟೇಜು ಹತ್ತಿದವನೇ ಅಲ್ಲ. ಅವರು ಯಾವ ಕೇರಿಯವರು, ಎಷ್ಟೋ ತಲೆಮಾರಿನ ಹಿಂದೆ ಚರ್ಚಿಗೆ ಸೇರಿದರೂ ಸುತ್ತಲ ಊರಿನವರು ಅವರನ್ನು ಎಲ್ಲಿ ನಿಲ್ಲಿಸುತ್ತಿದ್ದರು ಎನ್ನುವುದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸುದ್ದಿ ಸಿದ್ದೇಗೌಡರಿಗೆ ಮುಟ್ಟಿತು. ಒಂದು ಸಂಜೆ ಬೈಕಿನಲ್ಲಿ ಪ್ರಾಕ್ಟೀಸು ಮನೆಗೇ ಬಂದರು. ಬಾಗಿಲ ಹೊರಗೇ ನಿಂತರು. ಎತ್ತರದ ಆಳು, ಒಳಗೆ ಬರಬೇಕಾದರೆ ತಲೆ ಬಗ್ಗಿಸಬೇಕಿತ್ತು, ಬಗ್ಗಿಸಲಿಲ್ಲ. "ನಾಟ್ಕ ಆಡ್ಬ್ಯಾಡ ಅಂತ ಯೋಳಕ್ಕಿಲ್ಲ ಕಣ್ಲಾ ಜವರ. ಕಾಲು ಮುಟ್ಕೂಡ್ದು. ಮುಟ್ಟುದ್ರೆ ನಮ್ಮನೆ ಒಸ್ಲು ತುಳೀಬ್ಯಾಡ" ಎಂದರು. ಜವರೇಗೌಡ ನೆಲ ನೋಡುತ್ತ ನಿಂತ. ನಾನು ಫಾದರ್ ಮುಖ ನೋಡಿದೆ. ಫಾದರ್ ಏನೋ ಹೇಳಲು ಬಾಯಿ ತೆರೆದರು. ಅದಕ್ಕೂ ಮೊದಲೇ ಮೂಲೆಯಲ್ಲಿದ್ದ ಚೌರಪ್ಪ, "ಗಾಳೀಲೇ ತೊಳೀಲಿ ಬುಡಿ ಸ್ವಾಮಿ. ನಾಟ್ಕ ತಾನೆ" ಎಂದುಬಿಟ್ಟ.

ಹಾಗೇ ತೀರ್ಮಾನವಾಯಿತು. ಖಾಲಿ ಚೊಂಬು, ಖಾಲಿ ತಟ್ಟೆ. ಜವರೇಗೌಡನ ಕೈ ಚೌರಪ್ಪನ ಕಾಲಿನಿಂದ ಗೇಣು ಮೇಲೆ ಆಡಬೇಕು. ದೂರದಲ್ಲಿ ಕೂತವರಿಗೆ ತಿಳಿಯುವುದಿಲ್ಲ. ಕೆಸರುಗಾಲಿನ ಉಳಿದ ಬಡವರನ್ನು ಪರದೆಯ ಮೇಲೆ ನೆರಳಾಗಿ ತೋರಿಸಿದರಾಯಿತು ಎಂದು ನಾನೇ ಉಪಾಯ ಹೇಳಿದೆ. ಮೇಷ್ಟ್ರ ಕೆಲಸದಲ್ಲಿ ಇಂಥ ಉಪಾಯಗಳು ದಿನಾ ಬೇಕಾಗುತ್ತವೆ. ನಾಟಕ ನಿಲ್ಲಬಾರದು, ಅಷ್ಟೇ ಲೆಕ್ಕ.

ಈಸ್ಟರ್ ಕಳೆದ ಮೇಲಿನ ಭಾನುವಾರ ಮಧ್ಯಾಹ್ನ ನಾಟಕ. ಹಗಲಲ್ಲೇ ಆಗಬೇಕು, ಜನ ಒಬ್ಬರ ಮುಖ ಒಬ್ಬರು ನೋಡುತ್ತ ಕೂರಬೇಕು ಎಂದು ಫಾದರ್ ಹಟ ಹಿಡಿದಿದ್ದರು. ಸಿದ್ದೇಗೌಡರು ಒಂದು ಟೆಂಪೋ ತುಂಬ ತಮ್ಮ ಊರಿನವರನ್ನು ಕರೆತಂದು ಮುಂದಿನ ಸಾಲುಗಳಲ್ಲಿ ಕೂರಿಸಿದ್ದರು. ಅವರ ಕಾಲ ಬಳಿ ಹಾರದ ಚೀಲ. ಮೈಕ್‌ಸೆಟ್ಟಿನವನೂ ಅವರ ಊರಿನವನೇ. ಆ ಬೆಳಿಗ್ಗೆ ಊರಿನಲ್ಲಿ ಒಂದು ಸಾವಾಗಿತ್ತು. ಚೌರಪ್ಪ ಗೋರಿ ತೋಡಿ, ಮಣ್ಣು ಮುಚ್ಚಿ, ಬಣ್ಣದ ಕೋಣೆಗೆ ಬಂದಾಗ ತಡವಾಗಿತ್ತು. ತಲೆ ಇನ್ನೂ ಒದ್ದೆಯಿತ್ತು.

ಮೊದಲ ಮೂರು ಅಂಕ ನಾನು ಎಣಿಸಿದ್ದಕ್ಕಿಂತ ಚೆನ್ನಾಗಿ ಹೋದವು. ತಾಯಿಯನ್ನು ಹೂಳುವ ಪ್ರಸಂಗದಲ್ಲಿ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಅತ್ತರು, ಜವರೇಗೌಡನನ್ನು ಬೈದರು ಕೂಡ. ನಾಲ್ಕನೆಯ ಅಂಕ ಬಂತು. ಅವನು ಮಂಡಿಯೂರಿ, "ಮಣ್ಣ ಕಾಲಿದು, ಮಣ್ಣಿನೊಡೆಯನ ಕಾಲು" ಎಂದು ಪದ ಎತ್ತಿದ. ಪದ ಮುಗಿಸಿ, ಬಗ್ಗಿ ನೋಡಿ, ಬರೆದ ಮಾತನ್ನೇ ಹೇಳಿದ: "ಎಲೈ, ಗೋರಿ ತೋಡುವವನ ಕಾಲಿಗೆ ಮಣ್ಣೇಕಿಲ್ಲ?"

ಅರಮನೆಯ ಸೇವಕರು ತೊಳೆದು ಕಳಿಸಿದರು ಪ್ರಭು ಎಂದು ಚೌರಪ್ಪ ಹೇಳಬೇಕಿತ್ತು. ಅವನ ಬಾಯಿ ತೆರೆಯಿತು, ಮಾತು ಬರಲಿಲ್ಲ. ನಾನು ಪಕ್ಕದಿಂದ ಪಿಸುಗುಟ್ಟಿದೆ. ಅವನಿಗೆ ಕೇಳಿಸಲಿಲ್ಲ. ಜವರೇಗೌಡನ ಮುಖವನ್ನೇ ನೋಡುತ್ತಿದ್ದ. ಆಮೇಲೆ ತನ್ನ ಮಾಮೂಲು ದನಿಯಲ್ಲಿ ಹೇಳಿದ.

"ನಾನೇ ತೊಳ್ಕಂಡ್ ಬಂದೆ ಗೌಡ್ರೇ. ಸೋಪಾಕಿ ಉಜ್ಜುದೆ. ನಿಮ್ಗೆ ಅಸಯ್ಯ ಆಗ್ಬಾರ್ದು ಅಂತ."

ಮೇಲೆ ತೂಗುಹಾಕಿದ್ದ ಮೈಕು ಅದನ್ನು ಎಲ್ಲರಿಗೂ ಕೇಳಿಸಿತು. ಗುರುಗಳ ಮಾತು ರಕ್ತಕ್ಕೇ ಇಳಿದಿದ್ದರಿಂದ ನನ್ನ ಕೈ ಶ್ರುತಿ ಬಿಡಲಿಲ್ಲ. ಜವರೇಗೌಡ ಮಂಡಿಯೂರಿದ್ದವನು ಹಾಗೇ ಇದ್ದ. ಚೊಂಬು ಎತ್ತಿಕೊಂಡು ಒಳಗೆ ನೋಡಿದ. ಖಾಲಿ. ಪಕ್ಕಕ್ಕೆ ತಿರುಗಿ, "ನೀರು ತನ್ನಿ" ಎಂದ. ಯಾರೂ ಅಲುಗಲಿಲ್ಲ. ಇನ್ನೊಮ್ಮೆ ಹೇಳಿದ, ಈ ಸಲ ನನ್ನ ಕಡೆ ನೋಡಿ. ನಾನು ಗಂಟಲಿಗೆಂದು ಪಕ್ಕದಲ್ಲಿಟ್ಟುಕೊಂಡಿದ್ದ ನೀರಿನ ಪ್ಲಾಸ್ಟಿಕ್ ಬಾಟಲಿಯನ್ನು ಅವನತ್ತ ಉರುಳಿಸಿದೆ.

ಅವನು ಮುಚ್ಚಳ ತಿರುಗಿಸಿ, ಚೌರಪ್ಪನ ಎಡಗಾಲನ್ನು ಅಂಗೈಯಲ್ಲಿ ಹಿಡಿದು ನೀರು ಸುರಿದ. ಹಿಮ್ಮಡಿ, ಬೆರಳ ಸಂದು, ಎಲ್ಲ ತೊಳೆದ. ಮಗುವಿನ ಕಾಲು ತೊಳೆದ ಹಾಗೆ. ಆಮೇಲೆ ಬಲಗಾಲು. ಹೆಂಗಸರು ಹೊಲಿದುಕೊಟ್ಟಿದ್ದ ಅಂಗಿಯ ಅಂಚಿನಿಂದ ಒರೆಸಿದ. ಚೌರಪ್ಪ ಎರಡೂ ಕೈಯಿಂದ ಕುರ್ಚಿಯನ್ನು ಹಿಡಿದು, ಹೊಡೆತ ಬೀಳುವುದಕ್ಕೆ ಕಾದವನ ಹಾಗೆ ಕಣ್ಣು ಮುಚ್ಚಿ ಕೂತಿದ್ದ.

ಸಿದ್ದೇಗೌಡರು ಎದ್ದರು. ಅವರ ಕುರ್ಚಿ ಹಿಂದಕ್ಕೆ ಬಿತ್ತು. ಅವರು ಏನೂ ಹೇಳದೆ ಹೊರಟರು, ಟೆಂಪೋದವರೆಲ್ಲ ಹಿಂದೆ ಹೋದರು. ಮೈಕ್‌ಸೆಟ್ಟಿನವನು ವೈರು ಕಿತ್ತು ಸುತ್ತತೊಡಗಿದ. ಹಾರದ ಚೀಲ ಮಾತ್ರ ಅಲ್ಲೇ ಉಳಿಯಿತು. ಕಡೆಯ ಅಂಕ ಆಡಲಾಗಲಿಲ್ಲ. ಇಷ್ಟು ವರ್ಷದಲ್ಲಿ ನಾನು ಕಲಿಸಿದ ನಾಟಕವೊಂದು ಅರ್ಧಕ್ಕೆ ನಿಂತದ್ದು ಅದೇ ಮೊದಲು.

ಅದರ ಬೆಲೆಯನ್ನು ಇಬ್ಬರೂ ತೆತ್ತರು. ಚೌರಪ್ಪನನ್ನು ಸುತ್ತಲಿನ ಗದ್ದೆಗಳಿಗೆ ಕೂಲಿಗೆ ಕರೆಯುವುದು ನಿಂತಿತು. ಕಾಲು ತೊಳೆಸಿಕೊಂಡವನಿಗೆ ನಾಟಿ ಕೆಲಸ ಯಾಕೆ ಎಂದು ಅಣಕವಾಡಿದರಂತೆ. ಅವನು ಬೆಳಿಗ್ಗೆ ಎದ್ದು ಬಸ್ಸು ಹತ್ತಿ ಮಳವಳ್ಳಿಗೆ ಗಾರೆ ಕೆಲಸಕ್ಕೆ ಹೋಗಬೇಕಾಯಿತು. ಜವರೇಗೌಡನ ಊರಿನಲ್ಲಿ ಮುಂದಿನ ನಾಟಕಕ್ಕೆ ರಾಜಾಪಾರ್ಟನ್ನು ಬೇರೆಯವನಿಗೆ ಕೊಟ್ಟರು. ಕಲಿಸಲು ನನ್ನನ್ನೂ ಕರೆಯಲಿಲ್ಲ. ಅವನು ಹೆಂಡತಿಯೊಡನೆ ಪಂಪ್‌ಸೆಟ್ಟಿನ ಕೋಣೆಗೆ ಒಂದು ತಗಡು ಇಳಿಸಿಕೊಂಡು ಅಲ್ಲೇ ಒಲೆ ಹೂಡಿದ. ಅಣ್ಣ ಆ ದಾರಿಯಲ್ಲಿ ನೀರು ಕಟ್ಟಲು ಹೋದರೂ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರಂತೆ.

ನಾನು ನೋಡಲು ಹೋದೆ. ಅವನು ಕೊರಗುತ್ತಿರಬಹುದು, ನನ್ನನ್ನು ಬೈಯಬಹುದು ಎಂದುಕೊಂಡಿದ್ದೆ. ಅವನು ಮೆಣಸಿನಗಿಡಕ್ಕೆ ಪಾತಿ ಮಾಡುತ್ತಿದ್ದ. ಅವತ್ತು ಯಾಕೆ ಹಾಗೆ ಮಾಡಿದೆ ಎಂದು ಕೇಳಿದೆ. ಗುದ್ದಲಿ ಊರಿ ನಿಂತ. "ಇಷ್ಟು ವರ್ಸ ಕಿರೀಟ ಇಕ್ಕಂಡು ನಿಂತಿವ್ನಿ ಮೇಷ್ಟ್ರೇ. ಊರೆಲ್ಲ ಕೈ ಮುಗುದದೆ. ನಂಗೆ ಅಸಯ್ಯ ಆಗ್ಬಾರ್ದು ಅಂತ ಯಾರೂ ಕಾಲು ತೊಳ್ಕಂಡು ಬಂದಿರ್ನಿಲ್ಲ" ಎಂದ. ನಾನೇ ಬರೆದ ನಾಟಕ ಅದು. ಅದರಲ್ಲಿ ಏನಿದೆಯೆಂದು ನನಗೆ ತಿಳಿದಿರಲಿಲ್ಲ. ಚೌರಪ್ಪನನ್ನೂ ಒಮ್ಮೆ ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಕೇಳಿದ್ದೆ. "ಮಾತು ಮರ್ತೋಯ್ತು" ಎಂದಷ್ಟೇ ಹೇಳಿ ಬಸ್ಸು ಹತ್ತಿದ.

ಮುಂದಿನ ವರ್ಷ ಫಾದರಿಗೆ ವರ್ಗವಾಯಿತು. ಹೋಗುವ ಮೊದಲು ಆ ಉಳಿದ ಅಂಕವನ್ನಾದರೂ ಆಡಿಸಿಬಿಡಿ ಎಂದು ನನ್ನ ಮನೆಗೇ ಬಂದು ಕೇಳಿದರು. ಬರೀ ಕಡೆಯ ಅಂಕ. ಮೈಕಿಲ್ಲ, ಸೀನರಿಯಿಲ್ಲ, ಚರ್ಚಿನ ಅಂಗಳದಲ್ಲಿ. ಜವರೇಗೌಡ ಬಣ್ಣದ ಡಬ್ಬಿ ಹಿಡಿದು ಒಬ್ಬನೇ ಬಸ್ಸಿನಲ್ಲಿ ಬಂದ. ಸೊರಗಿದ್ದ. ಬಣ್ಣವನ್ನು ತಾನೇ ಹಚ್ಚಿಕೊಂಡ.

ಆ ಅಂಕದ ಕಥೆ ಇಷ್ಟು. ದೇಶಕ್ಕೆ ಯುದ್ಧ ಬರುತ್ತದೆ, ಹಳೆಯ ದರ್ಬಾರುಗಳೆಲ್ಲ ಉರುಳುತ್ತವೆ. ಆರ್ಚ್‌ಬಿಷಪ್ಪನ ಪದವಿ, ಅರಮನೆ ಎಲ್ಲ ಹೋಗುತ್ತದೆ. ಅವನಿಂದ ಮನಸ್ಸು ಮುರಿದುಕೊಂಡಿದ್ದ ದೊಡ್ಡ ಮನೆಗಳವರು ಯಾರೂ ಬಾಗಿಲು ತೆರೆಯುವುದಿಲ್ಲ. ಒಂದು ಗಾಡಿಯಲ್ಲಿ ಕೂತು ನದಿ ದಾಟಿ ಪರದೇಶದಲ್ಲಿ ಎರಡು ಕೋಣೆ ಬಾಡಿಗೆ ಹಿಡಿದು ಬದುಕುತ್ತಾನೆ. ಅಣ್ಣನಿಗೆ ಹೇಳಿ ಕಳಿಸುತ್ತಾನೆ, ಉತ್ತರ ಬರುವುದಿಲ್ಲ. ಸಾಯುವ ಮುಂಚೆ ಒಂದೇ ಮಾತು ಕೇಳಿಕೊಳ್ಳುತ್ತಾನೆ: ತಾಯಿಯನ್ನು ಹೂಳಿದ ಆ ಊರ ಹೊರಗಿನ ಸಾಲಿನಲ್ಲೇ ನನ್ನನ್ನೂ ಹೂಳಿ, ಕಲ್ಲು ನೆಡಬೇಡಿ. ಹೆಣ ಊರಿಗೆ ಬಂದಾಗ ಹೆಗಲು ಕೊಡಲು ವಂಶದವರು ಒಬ್ಬರೂ ಬರುವುದಿಲ್ಲ. ಗೋರಿ ತೋಡುವವರೇ ಹೊರುತ್ತಾರೆ.

ಬಂದಿದ್ದವರು ಊರಿನವರಷ್ಟೇ. ಚಾಪೆಯ ಮೇಲೆ ಕೂತಿದ್ದರು. ಜವರೇಗೌಡ ಕಡೆಯ ಪದವನ್ನು ತಗ್ಗಿದ ದನಿಯಲ್ಲಿ ಹಾಡಿ ಮಲಗಿದ. ಚೌರಪ್ಪ ಮತ್ತು ಇನ್ನು ಮೂವರು ಬಿದಿರಿನ ಚಟ್ಟವನ್ನು ತಂದು, ಅವನನ್ನು ಎತ್ತಿ ಮಲಗಿಸಿ, ಮುಖ ಬಿಟ್ಟು ಬಿಳಿ ಬಟ್ಟೆ ಹೊದಿಸಿದರು. ಆ ಹೊತ್ತಿಗೆ ನನ್ನ ಕಣ್ಣು ಅಂಗಳದ ಅಂಚಿನ ಹೊಂಗೆ ಮರದ ಕಡೆ ಹೋಯಿತು. ಬೈಕು ನಿಲ್ಲಿಸಿಕೊಂಡು ಸಿದ್ದೇಗೌಡರು ನಿಂತಿದ್ದರು. ಯಾವಾಗ ಬಂದರೋ, ಯಾರು ಹೇಳಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗಲಾಟೆ ಮಾಡಲು ಬಂದಿದ್ದಾರೆ ಎಂದುಕೊಂಡೆ.

ನಾಲ್ವರೂ ಚಟ್ಟ ಎತ್ತಿ ಹೆಗಲಿಗಿಟ್ಟರು. ಸಿದ್ದೇಗೌಡರು ಚಾಪೆಗಳ ನಡುವೆ ದಾಪುಗಾಲು ಹಾಕಿ ಬಂದರು. ಜನ ಗಾಬರಿಯಿಂದ ದಾರಿ ಬಿಟ್ಟರು. ಅವರು ಚಟ್ಟದ ಪಕ್ಕಕ್ಕೆ ಬಂದು ತಮ್ಮನ ಮುಖ ನೋಡಿದರು. ಬಣ್ಣಕ್ಕೆ ಆ ಮುಖ ನಿಜವಾಗಿಯೂ ಹೆಣದ ಹಾಗೇ ಕಾಣುತ್ತಿತ್ತು.

"ಎದ್ದೇಳ್ಲಾ ಜವರ" ಎಂದರು.

ಜವರೇಗೌಡ ಅಲುಗಲಿಲ್ಲ. ಪಾರ್ಟಿನಲ್ಲಿದ್ದ.

"ಸಾಕು ಎದ್ದೇಳ್ಲಾ. ಇದೆಂತಾ ಆಟ್ವ?" ಎಂದು ಮತ್ತೆ ಕರೆದರು. ಉಸಿರು ಮೇಲೆ ಕೆಳಗೆ ಆಗುತ್ತಿದ್ದರೂ ಜವರೇಗೌಡನ ರೆಪ್ಪೆ ಮಿಸುಕಲಿಲ್ಲ. ಹೊತ್ತವರು ಹೆಜ್ಜೆ ಮುಂದಿಡಲೋ ಚಟ್ಟ ಇಳಿಸಲೋ ತಿಳಿಯದೆ ನಿಂತರು. ಫಾದರ್ ಕೈಯೆತ್ತಿ ತಡೆಯಲು ಹೊರಟವರು ಹಾಗೇ ನಿಂತುಬಿಟ್ಟರು. ಸಿದ್ದೇಗೌಡರು ಒಂದು ಗಳಿಗೆ ಸುತ್ತಲೂ ನೋಡಿದರು. ಆಮೇಲೆ ಮುಂದಿದ್ದ ಇಬ್ಬರಲ್ಲಿ ಒಬ್ಬನನ್ನು ಪಕ್ಕಕ್ಕೆ ಸರಿಸಿ, "ನಮ್ಮೋನ್ನ ನಾನ್ ಒರ್ತೀನಿ, ಬುಡು" ಎಂದು ಬಿದಿರಿಗೆ ಹೆಗಲು ಕೊಟ್ಟರು. 

ಇನ್ನೊಂದು ಬದಿಗೆ ಚೌರಪ್ಪ. ಇಬ್ಬರ ನಡುವೆ ತಮ್ಮನ ಕಾಲುಗಳು. ಅವರು ಒಬ್ಬರನ್ನೊಬ್ಬರು ನೋಡದೆ ಒಟ್ಟಿಗೆ ಹೆಜ್ಜೆ ಹಾಕಿದರು. ಅಂಗಳ ಸುತ್ತಿ, ಚರ್ಚಿನ ಹಿಂದಿನ ಗೇಟಿನ ತನಕ ಹೋಗಬೇಕಿತ್ತು. ಹೋದರು. ಚಾಪೆಯ ಮೇಲಿದ್ದವರೆಲ್ಲ ಎದ್ದು ನಿಂತಿದ್ದರು. ಮರಿಯಮ್ಮ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದಳು. ಚಪ್ಪಾಳೆ ಯಾರಿಗೂ ನೆನಪಾಗಲಿಲ್ಲ.

ಗೇಟಿನ ಆಚೆ ಚಟ್ಟ ಇಳಿಸಿದ ಮೇಲೆ ಸಿದ್ದೇಗೌಡರು ತಮ್ಮನ ತೋಳು ಹಿಡಿದು ಎಬ್ಬಿಸಿದರು. ಇನ್ನೊಂದು ಸಲ ಸಾಯುವ ಪಾರ್ಟು ಮಾಡಿದರೆ ಕಾಲು ಮುರಿಯುತ್ತೇನೆ ಎಂದು ಬೈದರು. ಮುಖದ ಬಣ್ಣ ತೊಳೆಯಲೂ ಬಿಡದೆ ಬೈಕಿನ ಹಿಂದೆ ಕೂರಿಸಿಕೊಂಡು ಹೊರಟರು. ಆರ್ಚ್‌ಬಿಷಪ್ಪನ ಅಂಗಿ ಗಾಳಿಗೆ ಹಾರುತ್ತಿದ್ದುದು ಕಿರುಗಾವಲು ರಸ್ತೆಯ ತಿರುವಿನವರೆಗೂ ಕಾಣಿಸಿತು. ಸಿದ್ದೇಗೌಡರು ಚೌರಪ್ಪನಿಗೆ ಒಂದು ಮಾತೂ ಹೇಳಿರಲಿಲ್ಲ. ಅವನ ಕಡೆ ನೋಡಿಯೂ ಇರಲಿಲ್ಲ.

ನಾನು ಚೌರಪ್ಪನ ಹತ್ತಿರ ಹೋದೆ. ಅವನು ಚಟ್ಟದ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಅಂಗಿಯ ಗುಂಡಿ ಬಿಚ್ಚಿ ಹೆಗಲು ನೀವಿಕೊಳ್ಳುತ್ತಿದ್ದ. ಬಿದಿರು ಒತ್ತಿದ ಜಾಗ ಕೆಂಪಗಾಗಿತ್ತು. ಬಹಳ ನೋವೇ ಎಂದು ಕೇಳಿದೆ.

"ದೊಡ್ಡಗೌಡ್ರು ಎತ್ತರದಾಳು ಮೇಷ್ಟ್ರೇ" ಎಂದ. "ಭಾರ ಎಲ್ಲ ನನ್ ಕಡೀಕೇ ಬಂತು."